ನಮ್ಮನೆ ಹೆಬ್ಬಾವಿನ ಊಟದ ತಕರಾರು

ಅಕ್ಟೋಬರ್ ಎರಡನೇ ವಾರದಲ್ಲಿ ಸುಬ್ಬಿ ಊಟ ಬಿಟ್ಟಳು. ಮತ್ತೆ ಬಾಯಿ ತೆರೆದಿದ್ದು ಮೇ ತಿಂಗಳಲ್ಲಿ. ಆ ಏಳು ತಿಂಗಳಲ್ಲಿ ಅವಳು ಇಳಿದಿದ್ದು 78 ಗ್ರಾಂ. ನಾನು ಚಿಂತೆಯಲ್ಲೇ ಮೂರು ಕೆ.ಜಿ. ಇಳಿದೆ.

ಸುಬ್ಬಿ ಅಂದರೆ ಬಾಲ್ ಪೈಥಾನ್. ಘಾನಾ, ಟೋಗೋ, ಬೆನಿನ್ ಕಡೆಯ ಗಿಡ್ಡ ಜಾತಿಯ ಹೆಬ್ಬಾವು. ಹೆದರಿದರೆ ತಲೆ ಒಳಗಿಟ್ಟು ರವೆ ಉಂಡೆ ಥರ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ನಾವಿರುವುದು ಅಮೆರಿಕದ ಒಹಾಯೋದಲ್ಲಿ. ಇಲ್ಲಿ ಇದನ್ನು ಸಾಕಲು ಅಡ್ಡಿಯಿಲ್ಲ. ಊರಲ್ಲಿ ಯಾರಾದರೂ ಇದನ್ನು ಓದಿ ಗದ್ದೆ ಬದುವಿನ ಕೇರೆಹಾವನ್ನು ಮನೆಗೆ ತರಬೇಡಿ ಮತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಜೈಲಿಗೆ ಹೋಗುತ್ತೀರಿ.

ಸುಬ್ಬಿಯ ಮಾಮೂಲಿ ಊಟ ಎರಡು ವಾರಕ್ಕೊಂದು ಇಲಿ, ಸುಮಾರು 80 ಗ್ರಾಂದು. ಸತ್ತು ಹೆಪ್ಪುಗಟ್ಟಿದ ಇಲಿಗಳು ಥರ್ಮಾಕೋಲ್ ಡಬ್ಬಿಯಲ್ಲಿ ಕೊರಿಯರ್ ಬರುತ್ತವೆ. ಮೊದಲ ಸಲ ಅದನ್ನು ಅವರೆಕಾಳಿನ ಪ್ಯಾಕೆಟ್ ಪಕ್ಕ ಇಟ್ಟಿದ್ದೆ. ಹೆಂಡತಿ ಫ್ರೀಜರ್ ಬಾಗಿಲು ತೆಗೆದಳು, ಮುಚ್ಚಿದಳು, ಏನೂ ಮಾತಾಡಲಿಲ್ಲ. ಮಾರನೇ ದಿನವೇ ಗ್ಯಾರೇಜಿಗೆ ಒಂದು ಸಣ್ಣ ಫ್ರೀಜರ್ ಬಂತು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ದೃಷ್ಟಿಯಿಂದಲೂ ಬೇರೆ ಇಡುವುದೇ ಸರಿ.

ಇಲಿಯನ್ನು ಮೈಕ್ರೋವೇವಿನಲ್ಲಿ ಇಡಬಾರದು, ಒಳಗೆ ಬೇಯುತ್ತದೆ, ಕೆಲವು ಸಲ ಒಡೆಯುತ್ತದೆ. ಜಿಪ್ ಕವರಿನಲ್ಲಿ ಹಾಕಿ ಮೊದಲು ತಣ್ಣೀರಲ್ಲಿ ಪೂರ್ತಿ ಕರಗಿಸುತ್ತೇನೆ. ಆಮೇಲೆ ಕೈ ಇಡಬಹುದಾದಷ್ಟು ಬಿಸಿ ನೀರಲ್ಲಿ ಹತ್ತು ಹದಿನೈದು ನಿಮಿಷ. ಕೊನೆಗೆ ತಲೆಗೆ ಮಾತ್ರ ಹೇರ್ ಡ್ರೈಯರ್ ಹಿಡಿಯುತ್ತೇನೆ. ಈ ಹಾವಿನ ಮೇಲ್ದುಟಿಯಲ್ಲಿ ಸಾಲಾಗಿ ಸಣ್ಣ ಗುಳಿಗಳಿವೆ, ಅವುಗಳಿಂದ ಶಾಖ ಗೊತ್ತಾಗುತ್ತದೆ. ಇಲಿಯ ತಲೆ 38 ಡಿಗ್ರಿ ಇದ್ದರೆ ಅದು ಊಟ. ತಣ್ಣಗಿದ್ದರೆ ಬಿದ್ದಿರುವ ಯಾವುದೋ ವಸ್ತು, ಅಷ್ಟೇ.

ಇಷ್ಟೆಲ್ಲ ಮಾಡಿದರೂ ಅಕ್ಟೋಬರಿನಲ್ಲಿ ಮೂಗಿನಿಂದ ಇಲಿಯನ್ನು ಆಚೆ ತಳ್ಳಿದಳು. ಮಕ್ಕಳು ಉಪ್ಪಿಟ್ಟಿನ ತಟ್ಟೆ ಸರಿಸುತ್ತಾರಲ್ಲ, ಹಾಗೆ.

ನಾನು ಮಾಡಿದ ಮೊದಲ ತಪ್ಪು ಆತುರ. ನಾಲ್ಕು ದಿನಕ್ಕೊಮ್ಮೆ ಇಲಿ ಹಿಡಿದುಕೊಂಡು ಹೋಗಿ ನಿಂತೆ. ಬಿಳಿ ಇಲಿ ಆಯ್ತು, ಕಪ್ಪು ಇಲಿ ಆಯ್ತು, ಸುಂಡಿಲಿ ಆಯ್ತು. ಗೂಡು ಬದಲಾಯಿಸಿದೆ, ಕೆಳಗಿನ ಹಾಸು ಬದಲಾಯಿಸಿದೆ, ದೀಪ ಬದಲಾಯಿಸಿದೆ, ಎಲ್ಲಾ ಒಂದೇ ವಾರದಲ್ಲಿ. ಆಮೇಲೆ ಯಾವುದರಿಂದ ಏನಾಯಿತು ಅಂತ ಹೇಗೆ ಗೊತ್ತಾಗಬೇಕು?

ಎರಡನೇ ತಪ್ಪು ಹೇಳಿಕೊಳ್ಳೋಕೇ ನಾಚಿಕೆ. ಡಿಸೆಂಬರಿನಲ್ಲಿ ಒಂದು ರಾತ್ರಿ ಜೀವಂತ ಇಲಿ ಬಿಟ್ಟೆ. ಕಾಡಲ್ಲಿ ಇದನ್ನೇ ತಾನೇ ತಿನ್ನೋದು ಅನ್ನುವ ಲೆಕ್ಕಾಚಾರ. ಫೋನ್ ಬಂತು, ಆಚೆ ಹೋದೆ. ವಾಪಸ್ ಬಂದಾಗ ಸುಬ್ಬಿ ಉಂಡೆಯಾಗಿ ಮೂಲೆಯಲ್ಲಿದ್ದಳು. ಇಲಿ ಅವಳ ಬೆನ್ನ ಮೇಲೆ ಕೂತು ಹಲ್ಲು ಹಾಕುತ್ತಿತ್ತು. ಮೂರು ಕಡೆ ಹುರುಪೆ ಕಿತ್ತು ರಕ್ತ ಬಂದಿತ್ತು. ಹಸಿವಿಲ್ಲದ ಹಾವು ತನ್ನನ್ನು ಕಚ್ಚುವ ಇಲಿಗೂ ಏನೂ ಮಾಡುವುದಿಲ್ಲ, ಅದನ್ನು ಕಣ್ಣಾರೆ ಕಂಡೆ. ಆ ಕಲೆ ಇವತ್ತಿಗೂ ಇದೆ. ಅಲ್ಲಿಂದ ಜೀವಂತ ಇಲಿ ನಮ್ಮನೆಗೆ ಬಂದಿಲ್ಲ.

ಆಗ ಅಮ್ಮ ಸಾಗರದಿಂದ ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಿದ್ದರು. "ಹಾಲಾದ್ರೂ ಇಟ್ಟಿದ್ಯೇನೋ ಅದಕ್ಕೆ?"

"ಹಾವು ಹಾಲು ಕುಡಿಯಲ್ಲ ಅಮ್ಮ."

"ಹಂಗಾದ್ರೆ ನಾಗರ ಪಂಚಮಿಗೆ ಇಷ್ಟು ವರ್ಷ ಹುತ್ತಕ್ಕೆ ಎರೆದಿದ್ದು ಯಾರು ಕುಡಿದ್ರು?"

ಇರುವೆ ಅಂದೆ. ಫೋನ್ ಇಟ್ಟರು.

ಗಾಯ ತೋರಿಸೋಕೆ ಹೋದಾಗ ವೆಟ್ ಕೇಳಿದ ಮೊದಲ ಪ್ರಶ್ನೆ "ತೂಕ ಎಷ್ಟಿತ್ತು, ಈಗೆಷ್ಟು?" ಅಂತ. ನನ್ನ ಹತ್ತಿರ ಉತ್ತರ ಇತ್ತು, ಆದರೆ ನಾನೇ ಅದನ್ನು ನೋಡಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿದ್ದೆ: ಅಕ್ಟೋಬರಿನಲ್ಲಿ 1,180 ಗ್ರಾಂ. ಅವತ್ತು 1,151. ಎರಡು ತಿಂಗಳಿಗೆ 29 ಗ್ರಾಂ! ಬಾಲ್ ಪೈಥಾನ್‌ಗಳು ಚಳಿಗಾಲದಲ್ಲಿ, ಬೆದೆಯ ಕಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಇರುವುದು ಮಾಮೂಲು. ಶೇ 10ಕ್ಕಿಂತ ಜಾಸ್ತಿ ಇಳಿದರೆ, ಬೆನ್ನುಮೂಳೆ ಎದ್ದು ಕಂಡರೆ, ಬಾಯಲ್ಲಿ ಲೋಳೆ ಅಥವಾ ಉಸಿರಲ್ಲಿ ಸದ್ದು ಬಂದರೆ ತಕ್ಷಣ ಬನ್ನಿ, ಇಲ್ಲಾಂದ್ರೆ ಅದರ ಪಾಡಿಗೆ ಬಿಡಿ ಅಂದರು. ಮರಿ ಹಾವಿಗೆ ಈ ಮಾತು ಹೊಂದುವುದಿಲ್ಲ, ಮರಿ ತಿನ್ನದಿದ್ದರೆ ಬೇಗ ತೋರಿಸಬೇಕು.

ಅದರ ಪಾಡಿಗೆ ಬಿಡುವುದು ಹೇಳಿದಷ್ಟು ಸುಲಭ ಅಲ್ಲ. ಆದರೂ ಬಿಟ್ಟೆ. ಗಾಜಿನ ಗೂಡಿನ ಮೂರು ಬದಿಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿದೆ. ಅಲ್ಲಿಯವರೆಗೆ ತಂಪು ಕಡೆ ಮಾತ್ರ ಒಂದು ಮರೆ ಇತ್ತು. ಅಂದರೆ ಅವಳು ಬೆಚ್ಚಗಿರಬೇಕು ಅಂದರೆ ಬಯಲಲ್ಲಿ ಮಲಗಬೇಕಿತ್ತು. ಪ್ಲಾಸ್ಟಿಕ್ ಬೋಗುಣಿ ಬೋರಲು ಹಾಕಿ, ತೂತು ಕೊರೆದು, ಬಿಸಿ ಕಡೆಗೂ ಒಂದು ಇಟ್ಟೆ. ಮೈಗೆ ನಾಲ್ಕೂ ಕಡೆ ತಾಗುವಷ್ಟು ಇಕ್ಕಟ್ಟಾಗಿರಬೇಕು, ಅದೇ ಮುಖ್ಯ. ಬಿಸಿ ಕಡೆ 32 ಡಿಗ್ರಿ, ತಂಪು ಕಡೆ 26. ನೀರು ಬದಲಾಯಿಸೋದು, ಹದಿನೈದು ದಿನಕ್ಕೊಮ್ಮೆ ತೂಗೋದು, ಇಷ್ಟೇ ಕೆಲಸ. ಇಲಿ ತಿಂಗಳಿಗೆ ಒಂದೇ ಸಲ.

ಮೇ 11ರ ರಾತ್ರಿ ಇಲಿಯನ್ನು ಬೋಗುಣಿಯ ಬಾಯಲ್ಲಿ ಇಟ್ಟು ದೀಪ ಆರಿಸಿ ಮಲಗಿದೆ. ಬೆಳಿಗ್ಗೆ ಇಲಿ ಇಲ್ಲ. ಬೋಗುಣಿ ಎತ್ತಿ ನೋಡಿದರೆ ಸುಬ್ಬಿಯ ನಡು ದಪ್ಪಗಾಗಿತ್ತು. ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ.

ಮೂರನೇ ತಪ್ಪು ಅವತ್ತೇ ಆಯಿತು. ಸಂಜೆ ಖುಷಿಗೆ ಕೈಗೆತ್ತಿಕೊಂಡೆ. ರಾತ್ರಿ ಅರ್ಧ ಕರಗಿದ ಇಲಿಯನ್ನು ವಾಪಸ್ ಕಕ್ಕಿದಳು. ಆ ವಾಸನೆ ಬರೆದು ತಿಳಿಸುವಂಥದ್ದಲ್ಲ, ಮನೆಯ ಎಲ್ಲಾ ಕಿಟಕಿ ತೆಗೆದೆವು. ಇಲಿ ನುಂಗಿದ ಮೇಲೆ ಹಾವಿನ ಒಳಗೆ ದೊಡ್ಡ ಕೆಲಸ ನಡೆದಿರುತ್ತದೆ. ಬರ್ಮೀಸ್ ಹೆಬ್ಬಾವಿನ ಹೃದಯದ ಮಾಂಸ ಊಟವಾದ 48 ಗಂಟೆಯಲ್ಲಿ ಶೇ 40ರಷ್ಟು ಬೆಳೆಯುತ್ತದೆ ಅಂತ 2005ರಲ್ಲೇ ಅಳೆದು ತೋರಿಸಿದ್ದಾರೆ. ಅಂಥ ಹೊತ್ತಲ್ಲಿ ನಾನು ಹೋಗಿ ಮುದ್ದು ಮಾಡಿದ್ದೆ. ಈಗ ಕನಿಷ್ಠ ಎರಡು ದಿನ ಯಾರೂ ಮುಟ್ಟುವಂತಿಲ್ಲ. ಕಕ್ಕಿದ ಮೇಲೆ ಎರಡು ವಾರ ಏನೂ ಕೊಡಲಿಲ್ಲ. ಆಮೇಲೆ ಅರ್ಧ ಗಾತ್ರದ ಇಲಿ ಕೊಟ್ಟೆ, ನಿಂತಿತು.

ಈಗ ತಿನ್ನುತ್ತಾಳೆ, ಆದರೆ ಅವಳದೇ ರೀತಿಯಲ್ಲಿ. ರಾತ್ರಿ ಹತ್ತರ ಮೇಲೆ, ಬೋಗುಣಿಯೊಳಗೆ ಕೂತೇ. ಚಿಮಟದಲ್ಲಿ ಹಿಡಿದು ತೋರಿಸಿದರೆ ಕತ್ತು ಡೊಂಕು ಮಾಡಿ ಎಗರಿ, ಸತ್ತ ಇಲಿಯನ್ನೇ ಮತ್ತೊಮ್ಮೆ ಕೊಲ್ಲುತ್ತಾಳೆ. ಸುತ್ತು ಹಾಕಿ ಹತ್ತು ನಿಮಿಷ ಅಮುಕುತ್ತಾಳೆ. 2012ರಲ್ಲಿ ಬೋವಾ ಹಾವುಗಳಿಗೆ ನಕಲಿ ಹೃದಯ ಇಟ್ಟ ಸತ್ತ ಇಲಿ ಕೊಟ್ಟು ನೋಡಿದ್ದರು. ಬಡಿತ ಇದ್ದಾಗ ಹೆಚ್ಚು ಹೊತ್ತು, ಹೆಚ್ಚು ಬಿಗಿಯಾಗಿ ಅಮುಕಿದವು. ನಮ್ಮ ಸುಬ್ಬಿಗೆ ಬಡಿತ ಇಲ್ಲದಿದ್ದರೂ ಹತ್ತು ನಿಮಿಷ ಬೇಕು. ಒಮ್ಮೆ ಬಾಲದ ಕಡೆಯಿಂದ ನುಂಗೋಕೆ ಶುರು ಮಾಡಿದಳು. ಇಲಿಯ ಹಿಂಗಾಲುಗಳು ಬಾಯಿಯ ಎರಡೂ ಪಕ್ಕ ಮೀಸೆ ಥರ ನಿಂತವು. ತಪ್ಪಿಸಲು ಹೋಗದೆ ಕೈಕಟ್ಟಿ ಕೂತೆ. 40 ನಿಮಿಷದಲ್ಲಿ ಮುಗಿಸಿ, ಎರಡು ಸಲ ಆಕಳಿಸಿ ದವಡೆ ಸರಿಮಾಡಿಕೊಂಡಳು.

ಇನ್ನೊಂದು ಗೂಡಿನಲ್ಲಿ ಕಾಳ ಇದ್ದಾನೆ, ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್. ಅವನದು ತದ್ವಿರುದ್ಧ ತಕರಾರು, ಸಿಕ್ಕಿದ್ದೆಲ್ಲ ಬೇಕು. ನಮ್ಮ ಆಗುಂಬೆಯ ಕಾಳಿಂಗದ ಹಾಗೆ ಈ ಜಾತಿಯೂ ಬೇರೆ ಹಾವು ತಿನ್ನುತ್ತದೆ, ಅದಕ್ಕೇ ಒಂಟಿಯಾಗಿ ಇಡಬೇಕು. ಕಳೆದ ಬೇಸಿಗೆಯಲ್ಲಿ ನೋಡಿದರೆ ತನ್ನದೇ ಬಾಲ ನಾಲ್ಕು ಬೆರಳು ಉದ್ದ ನುಂಗಿಕೊಂಡಿದ್ದ! ಎಳೆದರೆ ಒಳಬಾಗಿದ ಹಲ್ಲು ಇನ್ನಷ್ಟು ಕಚ್ಚುತ್ತದೆ. ನಲ್ಲಿಯ ತಣ್ಣೀರು ಸಣ್ಣಗೆ ಬಿಟ್ಟು ಹಿಡಿದೆ, ಒಂದೆರಡು ನಿಮಿಷದಲ್ಲಿ ಬಿಟ್ಟ. ಆಮೇಲೆ ನೋಡಿದರೆ ಥರ್ಮೋಸ್ಟಾಟ್ ಕೈಕೊಟ್ಟು ಗೂಡಿಡೀ 36 ಡಿಗ್ರಿ ಆಗಿತ್ತು. ವಿಪರೀತ ಸೆಕೆ, ಇಕ್ಕಟ್ಟು, ಒತ್ತಡ ಇದ್ದಾಗಲೇ ಹೆಚ್ಚಾಗಿ ಹೀಗೆ ಮಾಡುತ್ತವೆ. ಈಗ ಪ್ರತಿ ಗೂಡಿಗೂ ಬೇರೆ ಥರ್ಮಾಮೀಟರ್ ಇಟ್ಟಿದ್ದೇನೆ.

ಸುಬ್ಬಿ ಈ ವರ್ಷ ಮತ್ತೆ ಅಕ್ಟೋಬರಿನಲ್ಲೇ ಮೂಗಿನಿಂದ ಇಲಿ ತಳ್ಳಿದಳು. ತೂಕ 1,310 ಇತ್ತು. ಇಲಿಯನ್ನು ಕವರಿಗೆ ಹಾಕಿ ಕಸಕ್ಕೆ ಎಸೆದೆ, ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕುವ ಹಾಗಿಲ್ಲ. ನೋಟ್‌ಬುಕ್ಕಿನಲ್ಲಿ ತಾರೀಕು ಬರೆದೆ. ಮೊನ್ನೆ ಶನಿವಾರ 1,304.