ಹಳೇ ಮಾರುತಿಯ ಬಾನೆಟ್ ಕೆಳಗೆ

ನನ್ನದು 1997ರ ಮಾರುತಿ 800. ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬ್ಯುರೇಟರ್ ಇರುವ ಗಾಡಿ, ಮೂರು ಸಿಲಿಂಡರ್, 796 ಸಿಸಿ. ಓಡುವುದರಲ್ಲಿ ತಕರಾರಿರಲಿಲ್ಲ. ಆದರೆ ಬಾನೆಟ್ ಎತ್ತಿದರೆ ಯಾವ ವೈರ್ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತಲೇ ತಿಳಿಯುತ್ತಿರಲಿಲ್ಲ. ಎಣ್ಣೆ, ಧೂಳು ಸೇರಿ ಎಲ್ಲದರ ಮೇಲೂ ಕರೀ ಜಿಡ್ಡು. ಆರ್‌ಸಿ ರಿನ್ಯೂವಲ್‌ಗೆ ಬಾಡಿಯ ಮೇಲೆ ಕೊರೆದ ಚಾಸಿ ನಂಬರಿಗೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಬೇಕಿತ್ತು, ಆ ನಂಬರೂ ಜಿಡ್ಡಿನಡಿ ಮುಚ್ಚಿಹೋಗಿತ್ತು. ಇನ್ನು ಮುಂದೂಡುವ ಹಾಗಿರಲಿಲ್ಲ.

ಇಂಜಿನ್ ಹೊಳೆಯಬೇಕು ಅನ್ನುವ ಆಸೆ ನನಗಿಲ್ಲ. ಏನಾದರೂ ಸೋರಿದರೆ ಅವತ್ತೇ ಕಣ್ಣಿಗೆ ಬೀಳಬೇಕು, ಅಷ್ಟೇ. ಕೆಲವು ವಾಟರ್ ಸರ್ವೀಸಿನವರು ಪ್ರೆಷರ್‌ನಲ್ಲಿ ನೀರು ಹೊಡೆದು, ಮೇಲೆ ಡೀಸೆಲ್ ಸಿಂಪಡಿಸಿ ಫಳಫಳ ಮಾಡಿ ಕೊಡುತ್ತಾರೆ. ಆ ಹೊಳಪು ಡೀಸೆಲ್ಲಿನದು. ಮರುದಿನವೇ ಧೂಳು ಮೆತ್ತಿಕೊಳ್ಳುತ್ತದೆ, ಹಳೇ ರಬ್ಬರ್ ಹೋಸ್‌ಗಳು ಉಬ್ಬಿ ಮೆತ್ತಗಾಗುತ್ತವೆ. ಸುಮ್ನೆ ದುಡ್ಡು ಕೊಟ್ಟು ಹಾಳು ಮಾಡಿಕೊಳ್ಳುವುದು ಅದು.

ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದೆ. ಕಾರ್ಬ್ಯುರೇಟರ್ ಸುತ್ತ ಪೆನ್ಸಿಲ್ ದಪ್ಪದ ವ್ಯಾಕ್ಯೂಮ್ ಹೋಸ್‌ಗಳು (ಇಂಜಿನ್ ಗಾಳಿ ಎಳೆಯುವ ಸೆಳೆತವನ್ನು ಬೇರೆ ಭಾಗಗಳಿಗೆ ಒಯ್ಯುವ ರಬ್ಬರ್ ಕೊಳವೆಗಳು) ಜಾಸ್ತಿ. ಪ್ರತಿಯೊಂದರ ಎರಡೂ ತುದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ನಂಬರ್ ಬರೆದೆ. ಒಂದು ಅದಲುಬದಲಾದರೂ ಐಡ್ಲಿಂಗ್ ಕೆಡುತ್ತದೆ. ಆಮೇಲೆ ಕಾರಣ ಹುಡುಕುವುದು ದೊಡ್ಡ ತಲೆನೋವು.

ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿತೋ, ಕಿಡಿ ಹಾರುತ್ತದೆ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಗೆ ಅಡುಗೆ ಸೋಡಾ ಕಲಸಿದ ಬಿಸಿನೀರು ಸಾಕು. ಬುರುಬುರು ನೊರೆ ಬಂದು ಬಿಡುತ್ತದೆ. ಬ್ಯಾಟರಿಯ ಮುಚ್ಚಳಗಳು ಮಾತ್ರ ಬಿಗಿಯಾಗಿರಬೇಕು, ಸೋಡಾ ಒಳಗೆ ಇಳಿಯಬಾರದು. ಒಣಗಿದ ಮೇಲೆ ತೆಳುವಾಗಿ ವ್ಯಾಸಲೀನ್ ಸವರಿದೆ.

ನಿಜವಾದ ಕೆಲಸ ಇದ್ದದ್ದು ವೈರಿಂಗ್‌ನಲ್ಲಿ. ಇಪ್ಪತ್ತೈದು ವರ್ಷ ದಾಟಿದ ಗಾಡಿ ಅಂದರೆ ಎಷ್ಟೋ ಜನರ ಕೈಚಳಕ ಅದರಲ್ಲಿ ಇರುತ್ತದೆ. ಯಾರೋ ಜೋಡಿ ಹಾರ್ನ್ ಹಾಕಿಸಿದ್ದರು, ಯಾರೋ ಅಲಾರಾಂ, ಇನ್ಯಾರೋ ಫಾಗ್ ಲ್ಯಾಂಪ್. ಲ್ಯಾಂಪ್ ಯಾವಾಗಲೋ ಹೋಗಿದೆ, ಅದರ ವೈರ್ ಮಾತ್ರ ಉಳಿದಿದೆ. ಒಂದು ತುದಿ ನೇರ ಬ್ಯಾಟರಿ ಪ್ಲಸ್‌ಗೆ, ನಡುವೆ ಫ್ಯೂಸ್ ಇಲ್ಲ. ಇನ್ನೊಂದು ತುದಿಗೆ ಟೇಪ್ ಸುತ್ತಿ ಹೆಡ್‌ಲೈಟ್ ಹಿಂದೆ ಜೋತುಬಿಟ್ಟಿದ್ದರು. ಟೇಪ್ ಬಿಸಿಗೆ ಕರಗಿ ಗೋಂದಾಗಿ, ತಾಮ್ರದ ಎಳೆಗಳು ಹೊರಗೆ ಇಣುಕುತ್ತಿದ್ದವು. ಅವಕ್ಕೂ ಗಾಡಿಯ ಬಾಡಿಗೂ ನಡುವೆ ಬೆರಳಗಲದ ಅಂತರವೂ ಇರಲಿಲ್ಲ. ಹಳೇ ಗಾಡಿಗಳಿಗೆ ಬೆಂಕಿ ಬೀಳುವುದು ಇಂಥದ್ದರಿಂದಲೂ ಹೌದು.

ಕಂಪನಿ ವೈರಿಂಗ್‌ನ ಕಟ್ಟಿನಿಂದ ಹೊರಗೆ ಓಡಾಡುವ ಪ್ರತಿ ವೈರನ್ನೂ ಅನುಮಾನದಿಂದಲೇ ನೋಡಿದೆ. ಮಲ್ಟಿಮೀಟರ್ ಹಿಡಿದು ಎರಡೂ ತುದಿ ಸಿಕ್ಕಿದ ಮೇಲೇ ಕತ್ತರಿ. ಬೇಕಾದ ಹಾರ್ನ್‌ಗೆ ಹೊಸ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್), ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ವೈರ್ ತುದಿಗೆ ಹಾಕುವ ಲಗ್, ಬಿಸಿ ಮಾಡಿದರೆ ಕುಗ್ಗಿ ವೈರ್ ಹಿಡಿಯುವ ಹೀಟ್ ಶ್ರಿಂಕ್ ಸ್ಲೀವ್, ರಿಲೇ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಟೇಪಿನ ಅಂಟನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಟೇಪ್ ಸುತ್ತಿದೆ. ಬಾಡಿಯಿಂದ ಇಂಜಿನ್‌ಗೆ ಹೋಗುವ ವೈರ್‌ಗಳನ್ನು ಮಾತ್ರ ಅಂದಕ್ಕೆಂದು ಬಿಗಿಯಾಗಿ ಕಟ್ಟಬಾರದು. ಇಂಜಿನ್ ಮೌಂಟಿಂಗ್ ಮೇಲೆ ಅಲುಗಾಡುತ್ತದಲ್ವಾ, ಸ್ವಲ್ಪ ಸಡಿಲ ಬೇಕು.

ಬ್ಯಾಟರಿ ಮೈನಸ್‌ನಿಂದ ಬರುವ ಅರ್ತ್ ವೈರ್ ಬಾಡಿಗೆ ಕೂರುವ ಜಾಗದಲ್ಲಿ ತುಕ್ಕು ಹಿಡಿದಿತ್ತು. ಲೋಹ ಕಾಣುವ ತನಕ ಉಜ್ಜಿ ಬಿಗಿ ಮಾಡಿದೆ. ಬೆಳಗ್ಗೆ ಸೆಲ್ಫ್ ಹೊಡೆದಾಗ ಗೊಣಗುತ್ತಿದ್ದ ಗಾಡಿ ಈಗ ಚುರುಕಾಗಿ ತಿರುಗುತ್ತದೆ. ಬ್ಯಾಟರಿ ಬದಲಿಸಿ ಎಂದವರಿದ್ದರು!

ತೊಳೆಯುವುದು ಇದೆಲ್ಲ ಆದ ಮೇಲೆ. ಇಂಜಿನ್ ಉಗುರುಬೆಚ್ಚಗಿರಬೇಕು, ಸುಡುತ್ತಿರಬಾರದು. ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಏರ್ ಫಿಲ್ಟರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಜಿಡ್ಡು ಬಿಡಿಸುವ ಡಿಗ್ರೀಸರ್ ಹಾಕಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ನೀರು ಮಗ್ಗಿನಲ್ಲೇ. ಚಾಸಿ ನಂಬರ್ ಇರುವ ಕಡೆ ಬರೀ ಸೀಮೆಎಣ್ಣೆ ಬಟ್ಟೆ. ಅಲ್ಲಿ ವೈರ್ ಬ್ರಷ್, ಸ್ಯಾಂಡ್ ಪೇಪರ್ ಹಾಕಿ ಅಂಕಿ ಸವೆದರೆ ಆರ್‌ಟಿಓದಲ್ಲಿ ನಂಬರ್ ತಿದ್ದಿದ್ದಾರೆ ಅಂತ ಅನುಮಾನ ಬರುತ್ತದೆ. ಆಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಳಗೂ ಒಣಬಟ್ಟೆಯಲ್ಲಿ ಒರೆಸಿದೆ. ಅಲ್ಲಿ ತೇವ ನಿಂತರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ಹಿಡಿಯಲು ಒಣಗಿದ ಇಂಜಿನ್ ಬದಿಗೆ ಟಾಲ್ಕಮ್ ಪೌಡರ್ ಉದುರಿಸಿ ಒಂದು ಸುತ್ತು ಹೋಗಿ ಬಂದೆ. ಬಿಳಿ ಪೌಡರಿನ ಮೇಲೆ ಕಂದು ಗೆರೆಯೊಂದು ಇಂಜಿನ್ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರಿನ, ಮೂಲೆಯಿಂದ ನೇರ ಕೆಳಗಿಳಿದಿತ್ತು. ಅದರಡಿಯ ಪ್ಯಾಕಿಂಗ್ ಗಟ್ಟಿಯಾಗಿ ಬಿರುಕುಬಿಟ್ಟಿತ್ತು. ಜೆ.ಸಿ. ರೋಡಿನಿಂದ ಹೊಸದು ತಂದು ಹಾಕಿದೆ. ಪೆಟ್ರೋಲ್ ಹೋಸನ್ನೂ ಆಗಲೇ ಬದಲಿಸಿದೆ. ಈಗ ಬಂಕಿನಲ್ಲಿ ಬರುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಆ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ.

ಬಾನೆಟ್ ಒಳಗೆ ಸೇರಿ ವೈರ್ ಕಡಿಯುವ ಇಲಿಗಳ ಕಾಟ ಮಾತ್ರ ಇನ್ನೂ ಇದೆ. ಸದ್ಯಕ್ಕೆ ಹೊಗೆಸೊಪ್ಪಿನ ಗಂಟು ಕಟ್ಟಿದ್ದೇನೆ, ನೋಡೋಣ. ರಾತ್ರಿ ಬಾನೆಟ್ ತೆಗೆದಿಡಿ, ಬೆಳಕಿಗೆ ಬರುವುದಿಲ್ಲ ಎನ್ನುತ್ತಾರೆ ಪಕ್ಕದ ಮನೆಯವರು. ಶೆಡ್ ಇದ್ದವರಿಗೆ ಅದು ಸರಿ. ನಮ್ಮದು ರಸ್ತೆ ಬದಿ ನಿಲ್ಲುವ ಗಾಡಿ, ಬೆಳಗ್ಗೆ ಬ್ಯಾಟರಿಯೇ ಇರುವುದಿಲ್ಲ.