ಕೇದಾರತಾಲ: ನಿಧಾನಕ್ಕೆ ಸುರಿದ ದುಡ್ಡು

ಉತ್ತರಾಖಂಡದ ಗಂಗೋತ್ರಿ ರಾಷ್ಟ್ರೀಯ ಉದ್ಯಾನದೊಳಗೆ, ಸುಮಾರು 4,750 ಮೀಟರ್ ಎತ್ತರದಲ್ಲಿರುವ ಕೇದಾರತಾಲ ಸರೋವರವನ್ನು ಶಿವಮೊಗ್ಗದ ನಮ್ಮ ತಂಡದ ಎಲ್ಲರೂ ಈ ಬಾರಿ ತಲುಪಿದೆವು. ತೆಳುಗಾಳಿಗೆ ಮೈ ಒಗ್ಗಲೆಂದು ದಾರಿಯಲ್ಲಿ ಹೆಚ್ಚುವರಿ ರಾತ್ರಿಗಳನ್ನು ಕಳೆಯುವುದು ದಂಡದ ಖರ್ಚೆಂದು ಹೊರಡುವ ಮುನ್ನ ನಕ್ಕವರು ಬಹಳ ಮಂದಿ; ಬರೆಯುತ್ತಿರುವುದು ಮುಖ್ಯವಾಗಿ ಅವರಿಗಾಗಿ.

ಹಿಂದಿನ ಯತ್ನಗಳು ಕೆಟ್ಟದ್ದು ಕಾಲಿನ ಬಲ ಸಾಲದೆ ಅಲ್ಲ. ಮಳೆಗಾಲದಲ್ಲಿ ಉಂಬಳ ಕಿತ್ತೆಸೆಯುತ್ತ, ಬೆನ್ನಚೀಲದಲ್ಲಿ ಹದಿನೈದು ಕಿಲೋದಷ್ಟು ನೀರಿನ ಕ್ಯಾನ್ ಹೊತ್ತು ಕೊಡಚಾದ್ರಿ ಹತ್ತಿದವರು ನಾವು. (ತುದಿಯಲ್ಲಿ ನೀರನ್ನು ಚೆಲ್ಲಿಬಿಟ್ಟರೆ ಇಳಿಯುವಾಗ ಮಂಡಿ ಉಳಿಯುತ್ತದೆ.) ಆದರೆ 1,343 ಮೀಟರಿನ ಬೆಟ್ಟ ತೊಡೆಯನ್ನು ಗಟ್ಟಿ ಮಾಡೀತೇ ಹೊರತು ತೆಳುಗಾಳಿಯನ್ನು ಕಲಿಸದು. ಪ್ರವಾಸ ಏರ್ಪಡಿಸಿದವರ ವೇಳಾಪಟ್ಟಿಯಂತೆ ಗಂಗೋತ್ರಿಗೆ ಬಂದಿಳಿದ ಮರುದಿನವೇ 3,780 ಮೀಟರಿನ ಭೋಜ್‌ಖರಕ್, ಅದರ ಮರುದಿನ 4,270ರ ಕೇದಾರಖರಕ್ ಸೇರಿದಾಗ ಒಬ್ಬರು ರಾತ್ರಿಯಿಡೀ ವಾಂತಿ ಮಾಡಿಕೊಂಡರು, ಬೆಳಗಾಗುತ್ತಲೇ ಎಲ್ಲರೂ ಇಳಿದೆವು. ರೈಲಿನ ಖರ್ಚೂ ಸೇರಿ ತಲೆಗೆ ಮೂವತ್ತು ಸಾವಿರದಷ್ಟು ನೀರುಪಾಲಾಯಿತು.

ಈ ಬಾರಿ ಗಂಗೋತ್ರಿಗಿಂತ ಕೆಳಗಿರುವ ಹರ್ಸಿಲ್‌ನಲ್ಲಿ ತಂಗಿ, ಗಂಗೋತ್ರಿಯಲ್ಲಿ ಇನ್ನಷ್ಟು ದಿನ ನಿಂತು, ಕೇದಾರಗಂಗೆ ಹೊಳೆಯ ಬದಿಯ ಕಡಿದಾದ ದಾರಿಯಲ್ಲಿ ಹಗಲು ಹತ್ತಿ, ಸಂಜೆ ಕೆಳಗಿಳಿದು ಮಲಗಿದೆವು. ಭೋಜ್‌ಖರಕ್‌ನಲ್ಲಿಯೂ ಒಂದು ರಾತ್ರಿ ಹೆಚ್ಚು ಉಳಿದೆವು. ಕೋಣೆ, ಊಟ, ಕಾದು ಕುಳಿತ ಪೋರ್ಟರ್‌ಗಳ ಕೂಲಿ ಎಲ್ಲ ಸೇರಿ ತಲೆಗೆ ನಾಲ್ಕೈದು ಸಾವಿರ ಹೆಚ್ಚಾಗಿರಬೇಕು. ಪೋರ್ಟರ್‌ಗಳನ್ನು ಆ ಕೂಲಿಗೆ ಒಪ್ಪಿಸಿದ ಬಗೆಯನ್ನು ಮಾತ್ರ ಇಲ್ಲಿ ಬರೆಯಲಾರೆ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನೂ ಪರೀಕ್ಷಿಸಿ ನೋಡಿದೆ. ತಣ್ಣಗಾದ ಬೆರಳಿನಲ್ಲಿ ಅದು ಮನಬಂದಂತೆ ಅಂಕಿ ತೋರಿಸಿತು. ಚೆನ್ನಾಗಿ ಓಡಾಡುತ್ತಿದ್ದವರಿಗಿಂತ ತಲೆನೋವಿನವರ ಅಂಕಿಯೇ ಮೇಲಿತ್ತು. ಕೊನೆಗೆ ಅದನ್ನು ಚೀಲಕ್ಕೆ ಸೇರಿಸಿ, ತಲೆನೋವಿನೊಂದಿಗೆ ಬೆಳಗಿನ ತಿಂಡಿಯೂ ಬೇಡವೆನಿಸಿದರೆ ಆ ದಿನ ಮೇಲೇರುವಂತಿಲ್ಲ, ನೋವು ಹೆಚ್ಚಿದರೆ ತಕ್ಷಣ ಇಳಿಯಬೇಕು ಎಂಬ ನಿಯಮವನ್ನಷ್ಟೇ ಇಟ್ಟುಕೊಂಡೆವು. ಭೋಜ್‌ಖರಕ್‌ನ ಆ ಹೆಚ್ಚಿನ ರಾತ್ರಿ ಬಂದದ್ದು ಈ ನಿಯಮದಿಂದಲೇ.

ತಿಂಡಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಕೇದಾರಖರಕ್‌ನಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅಕ್ಕಿ ಬೇಗ ಬೇಯುವುದಿಲ್ಲ, ಹಿಂದೊಮ್ಮೆ ಗ್ಯಾಸ್ ಮುಗಿದರೂ ಅನ್ನ ಕಾಳುಕಾಳಾಗಿಯೇ ಉಳಿದಿತ್ತು. ಕುಕ್ಕರ್ ಹೊರುವ ಬದಲು ಗಟ್ಟಿ ಅವಲಕ್ಕಿ ಒಯ್ದೆವು. ಬಿಸಿನೀರು, ಹುರಿದ ಶೇಂಗಾ, ಜೊತೆಗೆ ನಮ್ಮ ಮನೆಯ ಒಂದು ಪುಡಿ (ಅದರ ಪಾಕವೂ ಗುಟ್ಟೇ) ಇದ್ದರೆ ಸಾಕು. ಊಟ ಸೇರದ ಎತ್ತರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಪರಿಮಳಕ್ಕೆ ಎಲ್ಲರೂ ಎದ್ದು ಕುಳಿತರು. ಬಾಟಲಿ ಭಾರವೆಂದು ಗೊಣಗಿದವರೇ ಅದನ್ನು ಖಾಲಿ ಮಾಡಿದ್ದು.

ಕೊನೆಯ ದಿನ ನಸುಕಿನಲ್ಲೇ ಹೊರಟು, 6,904 ಮೀಟರಿನ ಥಲಯ್ ಸಾಗರ್ ಶಿಖರವನ್ನು ಸರೋವರದ ದಡದಿಂದ ಕಣ್ತುಂಬ ನೋಡಿ, ಮಧ್ಯಾಹ್ನ ಮೋಡ ಕವಿಯುವ ಮೊದಲೇ ಇಳಿದೆವು. ಯಾರಿಗೂ ತಲೆ ಸಿಡಿಯಲಿಲ್ಲ. ಮುಂದಿನ ಸಲ ಹರ್ಸಿಲ್‌ನ ರಾತ್ರಿಯನ್ನು ಬಿಟ್ಟು ಖರ್ಚು ಉಳಿಸಬಹುದಲ್ಲ ಎಂದು ತಂಡದ ಇಬ್ಬರು ಈಗಲೇ ಲೆಕ್ಕ ಹಾಕುತ್ತಿದ್ದಾರೆ, ನಾನಿನ್ನೂ ಒಪ್ಪಿಲ್ಲ.