ಟ್ರೇನರ್ ಬಂದಾಗಲೂ ಲೀಶ್ ನಮ್ಮ ಕೈಯಲ್ಲೇ ಇರಲಿ

ನಮ್ಮದು ಬೀದಿನಾಯಿ ಕಂಡರೆ ಸಾಕು, ಬೊಗಳಿ ಲೀಶ್ (ನಾಯಿಯನ್ನು ಹಿಡಿದು ನಡೆಸುವ ಪಟ್ಟಿ) ಜಗ್ಗುವ ಮುಧೋಳ ನಾಯಿ. ಬೆಂಗಳೂರಿನಲ್ಲಿ ಮನೆಗೇ ಬಂದು ಕಲಿಸುವ ಟ್ರೇನರ್‌ಗಳಿಗೆ ಬರವಿಲ್ಲ. ಆದರೆ ಹೆಚ್ಚಿನವರು ನಾಯಿಯನ್ನು ತಾವೇ ರಸ್ತೆಗೆ ಕರೆದೊಯ್ದು, ‘ಸಿಟ್’, ‘ಸ್ಟೇ’, ‘ಹೀಲ್’ (ಪಕ್ಕದಲ್ಲೇ ನಡೆ) ಮಾಡಿಸಿ ಅರ್ಧ ಗಂಟೆಗೆ ವಾಪಸ್ ತಂದು ಬಿಡುತ್ತಾರೆ. ಅವರ ಜೊತೆ ಸಾಧುವಾಗಿ ನಡೆದ ನಾಯಿ ನಮ್ಮ ಜೊತೆ ಹೊರಟರೆ ಮತ್ತೆ ಹಳೇ ರಾಗ. ಅದಕ್ಕೇ ನಾನು ಮೊದಲೇ ಮಾತಾಡಿಕೊಂಡೆ: ವಾರಕ್ಕೆ ಒಂದು ಗಂಟೆ ಪಾಠ, ಲೀಶ್ ನನ್ನ ಕೈಯಲ್ಲಿ, ಟ್ರೇನರ್ ಎರಡು ಹೆಜ್ಜೆ ಹಿಂದೆ.

ಫೀಸಿನ ಮಾತಿಗೆ ಮುಂಚೆ ಕೇಳಬೇಕಾದ್ದು ಒಂದೇ: “ನಾಯಿ ತಪ್ಪು ಮಾಡಿದರೆ ಏನು ಮಾಡ್ತೀರಿ ಸರ್?” “ಚೈನ್ ಒಂದ್ಸಲ ಜಗ್ಗಿದ್ರೆ ಸರಿಹೋಗುತ್ತೆ” ಎಂದರೆ ಅಲ್ಲಿಗೇ ನಮಸ್ಕಾರ. ಹೆದರಿ ಬೊಗಳುವ ನಾಯಿಗೆ, ಇನ್ನೊಂದು ನಾಯಿ ಕಂಡಾಗಲೆಲ್ಲ ಕುತ್ತಿಗೆ ನೋಯುತ್ತದೆ ಎಂಬ ಪಾಠವಷ್ಟೇ ಅದರಿಂದ ಸಿಗುವುದು. ಸಿಡುಕು ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಟ್ರೇನರ್‌ಗಿಂತ ಮೊದಲು ವೆಟ್. ಕಿವಿ ಸೋಂಕು, ಕೀಲುನೋವು ಇದ್ದರೂ ನಾಯಿ ಹೀಗೆ ಆಡಬಹುದು.

ಮುಧೋಳದ ತಲೆ ಕಿರಿದು. ಹಿಂದಕ್ಕೆ ಜಗ್ಗಿದರೆ ಮಾಮೂಲಿ ಬೆಲ್ಟ್ ತಲೆಯ ಮೇಲಿಂದ ಜಾರಿಬಿಡುತ್ತದೆ, ಆಮೇಲೆ ಹಿಡಿಯುವ ಆಸೆ ಬಿಡಿ. ಜಗ್ಗಿದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟ್ ಹಾಕಿ, ಎದೆಯ ಮೇಲೆ ಕೊಂಡಿ ಇರುವ ಹಾರ್ನೆಸ್ (ಮೈಗೆ ತೊಡಿಸುವ ಪಟ್ಟಿ) ತೊಡಿಸಿ, ಎರಡನ್ನೂ ಗಿಡ್ಡ ಪಟ್ಟಿಯಿಂದ ಜೋಡಿಸಬೇಕು. ಲೀಶ್ 6 ಅಡಿ ಇರಲಿ. ಸುರುಳಿ ಬಿಚ್ಚಿಕೊಳ್ಳುವ ಲೀಶ್ ಬೇಡವೇ ಬೇಡ, ಜಗ್ಗಿದಷ್ಟೂ ಉದ್ದ ಸಿಗುತ್ತದೆ ಎಂದು ನಾಯಿ ಬೇಗ ಕಲಿಯುತ್ತದೆ. ಉಪ್ಪು, ಈರುಳ್ಳಿ, ಮಸಾಲೆ ಹಾಕದೆ ಬೇಯಿಸಿದ ಕೋಳಿಯನ್ನು ಬಟಾಣಿಗಿಂತ ಚಿಕ್ಕದಾಗಿ ಕತ್ತರಿಸಿ ಸೊಂಟದ ಚೀಲದಲ್ಲಿಟ್ಟುಕೊಳ್ಳುತ್ತೇನೆ. ಅಷ್ಟನ್ನು ನಾಯಿಯ ರಾತ್ರಿ ಊಟದಲ್ಲಿ ಕಳೆಯುತ್ತೇನೆ.

ಇಡೀ ಪಾಠ ನಿಂತಿರುವುದು ದೂರದ ಮೇಲೆ. ಎಷ್ಟು ದೂರದಲ್ಲಿ ಬೀದಿನಾಯಿ ಕಂಡರೂ ನಮ್ಮ ನಾಯಿ ತಿಂಡಿ ತಿನ್ನುತ್ತದೋ ಅಲ್ಲಿಂದ ಶುರು. ಅದು 30 ಅಡಿಯೂ ಆಗಬಹುದು, 100 ಅಡಿಯೂ ಆಗಬಹುದು. ಬಾಯಿ ಮುಚ್ಚಿತು, ಕಿವಿ ಮುಂದಕ್ಕೆ ಬಂತು, ಭಾರ ಮುಂಗಾಲಿಗೆ ಬಿತ್ತು ಎಂದರೆ ಹತ್ತಿರವಾಯಿತು. ತಿಂಡಿಯನ್ನು ಬೆರಳು ಸಮೇತ ಕಚ್ಚಿಕೊಂಡರೂ ಅದೇ ಅರ್ಥ. ತಿಂಡಿ ಮೂಸಿಯೂ ನೋಡದಿದ್ದರೆ ಅಲ್ಲಿ ಕಲಿಕೆ ಮುಗಿಯಿತು, ತಿರುಗಿ ನಡೆಯಿರಿ.

ಕ್ರಮ ತಪ್ಪಬಾರದು. ಮೊದಲು ನಮ್ಮ ನಾಯಿ ಆ ನಾಯಿಯನ್ನು ನೋಡಬೇಕು. ನೋಡಿದ ಕ್ಷಣ, ಒಂದು ಸೆಕೆಂಡಿನೊಳಗೆ, ‘ಯೆಸ್’ ಅನ್ನಬೇಕು, ಅದು ತಿಂಡಿ ಬರುತ್ತದೆ ಎಂಬ ಗುರುತು. ಕೈ ಚೀಲಕ್ಕೆ ಹೋಗುವುದು ಆಮೇಲೆ. ಹೆಚ್ಚಿನವರು ಎಡವುವುದು ಇಲ್ಲೇ: ದೂರದ ನಾಯಿಯನ್ನು ತಾವೇ ಮೊದಲು ಕಂಡು, ಗಾಬರಿಯಿಂದ ಚೀಲಕ್ಕೆ ಕೈಹಾಕಿ, ಲೀಶ್ ಬಿಗಿ ಹಿಡಿಯುತ್ತಾರೆ. ಆಗ ಕೋಳಿಯ ವಾಸನೆಯೇ ‘ಇನ್ನೊಂದು ನಾಯಿ ಬಂತು’ ಎಂಬ ಸೂಚನೆ ಆಗಿಬಿಡುತ್ತದೆ. ಟ್ರೇನರ್‌ಗೆ ಹಣ ಕೊಡುವುದೇ ನಮ್ಮ ಕೈ ಯಾವಾಗ ಅಲುಗಿತು ಎಂದು ಹೇಳಲಿಕ್ಕೆ. ಮೊಬೈಲಲ್ಲಿ ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದರೆ ಅವರು ಹೇಳುವುದೂ ಬೇಡ.

ಬೀದಿನಾಯಿ ಕಂಡ 5 ಸಲಕ್ಕೆ 5 ಸಲವೂ ಬೊಗಳದೆ ತಿಂಡಿ ತಿಂದರೆ ಕೆಲವು ಅಡಿ ಹತ್ತಿರ. 3 ಅಥವಾ 4 ಆದರೆ ಅಲ್ಲೇ. ಅದಕ್ಕೂ ಕಡಿಮೆಯಾದರೆ ಹಿಂದಕ್ಕೆ.

ಬೀದಿನಾಯಿಗಳು ನಸುಕಿನಲ್ಲೂ ರಾತ್ರಿಯೂ ಚುರುಕು. ಹಾಗಾಗಿ ಪಾಠವನ್ನು ಅವು ನೆರಳಲ್ಲಿ ಮಲಗಿರುವ ಬೆಳಗಿನ 9 ಗಂಟೆಯ ನಂತರ ಇಟ್ಟುಕೊಳ್ಳುತ್ತೇನೆ. ಬೇಸಿಗೆಯಲ್ಲಿ ಡಾಂಬರಿಗೆ ಅಂಗೈ ಹಿಂಭಾಗ ಒತ್ತಿ 7 ಸೆಕೆಂಡ್ ತಡೆಯಲಾಗದಿದ್ದರೆ ಆ ದಿನ ಮನೆಯೊಳಗಿನ ಅಭ್ಯಾಸ. ಯಾವುದಾದರೂ ನಾಯಿ ಎದ್ದು ಹತ್ತಿರವೇ ಬಂದರೆ ಒಂದು ಹಿಡಿ ತಿಂಡಿ ಅದರತ್ತ ಚೆಲ್ಲಿ, ನಮ್ಮ ನಾಯಿಗೆ ‘ಬಾ’ ಎಂದು ತಿರುಗಿ ಹೋಗುವುದು, ಓಡಬಾರದು. ಈ ‘ಬಾ’ ಮೊದಲೇ ಹಜಾರದಲ್ಲಿ ನೂರಾರು ಸಲ ಅಭ್ಯಾಸ ಆಗಿರಬೇಕು.

ವಾರದ ಉಳಿದ ದಿನ 3ರಿಂದ 5 ನಿಮಿಷದ ಅಭ್ಯಾಸ, ದಿನಕ್ಕೆ ಎರಡು ಮೂರು ಬಾರಿ. ಫ್ರಿಜ್ ಬಾಗಿಲಿಗೆ ಪದಗಳ ಪಟ್ಟಿ ಅಂಟಿಸಬೇಕು. ಅಪ್ಪ ‘ಸಿಟ್’, ಮಗಳು ‘ಕೂತ್ಕೋ’, ಅಜ್ಜಿ ‘ಕೂರೋ ಕಂದಾ’ ಎಂದರೆ ನಾಯಿ ಯಾರ ಮಾತು ಕೇಳಬೇಕು? ಅಜ್ಜಿಯನ್ನೂ ಒಮ್ಮೆ ಪಾಠಕ್ಕೆ ನಿಲ್ಲಿಸಿ, ಲೀಶ್ ಅವರ ಕೈಗೆ ಬೇಡ, ಪದ ಮಾತ್ರ ಕಲಿತರೆ ಸಾಕು. ದೂರ ಎರಡು ಮೂರು ವಾರ ಒಂದೇ ಕಡೆ ನಿಂತರೆ, ಈ ವಾರ ಏನು ಬದಲಿಸುತ್ತೀರಿ ಎಂದು ಟ್ರೇನರ್‌ಗೆ ಕೇಳಿ. ಜಾಗ, ಹೊತ್ತು, ತಿಂಡಿ ಯಾವುದನ್ನೂ ಬದಲಿಸದೆ “ಇನ್ನೂ ಟೈಮ್ ಬೇಕು” ಎಂದಷ್ಟೇ ಹೇಳುವವರಿಗೆ ಮುಂದಿನ ತಿಂಗಳ ಮುಂಗಡ ಕೊಡಬೇಡಿ.